ಬೆರೆಸುವ ಮುನ್ನ ಅರಿಯಬೇಕಾದದ್ದು

ಕರ್ನಾಟಕ ಸಂಗೀತವನ್ನೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಬೆರೆಸಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ರಸಿಕರು ಎರಡು ಬಣಗಳಾಗುತ್ತಾರೆ. ಒಂದಕ್ಕೆ ಅದು ಅಪಚಾರ, ಇನ್ನೊಂದಕ್ಕೆ ಪ್ರಗತಿ. ಎರಡೂ ಆತುರದ ತೀರ್ಪುಗಳೆಂದೇ ನನ್ನ ಭಾವನೆ.

ಇಂದು ಪಿಟೀಲಿಲ್ಲದ ಕಛೇರಿಯನ್ನು ಊಹಿಸುವುದೂ ಕಷ್ಟ. ಯುರೋಪಿನ ಈ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಪ್ರಮುಖರು. ವಾದ್ಯ ಅದೇ ಉಳಿಯಿತು; ಆದರೆ ವಾದಕ ನೆಲದಲ್ಲಿ ಕುಳಿತ, ತಂತಿಗಳು ಷಡ್ಜ-ಪಂಚಮಗಳಿಗೆ ಶ್ರುತಿಗೊಂಡವು, ಬೆರಳುಗಳು ಜಾರುವುದನ್ನು ಕಲಿತವು. ಮುತ್ತುಸ್ವಾಮಿ ದೀಕ್ಷಿತರಾದರೋ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲಿದೆ. ಆದ್ದರಿಂದ ಮಡಿವಂತಿಕೆಯ ವಾದಕ್ಕೆ ಪರಂಪರೆಯ ಬೆಂಬಲವಿಲ್ಲ.

ಆದರೂ ತೊಡಕು ನಿಜವಾದದ್ದೇ. ಪಾಶ್ಚಾತ್ಯ ಸಂಗೀತದ ಸೌಧ ಹಾರ್ಮನಿಯ ಮೇಲೆ ನಿಂತಿದೆ. ಏಕಕಾಲಕ್ಕೆ ನುಡಿಯುವ ಸ್ವರಗಳು ತಮ್ಮ ತಮ್ಮ ಸ್ಥಾನದಲ್ಲಿ ಸ್ಥಿರವಾಗಿರಬೇಕು. ತೋಡಿಯ ಗಾಂಧಾರಕ್ಕೆ ಅಂಥ ನಿಲುಗಡೆಯೆಲ್ಲಿದೆ? ಅದರ ಜೀವವಿರುವುದೇ ಆಂದೋಲನದಲ್ಲಿ. ಅದರಡಿ ಒಂದು ಸ್ವರಮೇಳವನ್ನು ಹಾಸಿದರೆ ಗಮಕ ಕಂಗೆಡುತ್ತದೆ. ಅತ್ತ ಸಿಂಫನಿ ಶ್ರುತಿಯಿಂದ ಶ್ರುತಿಗೆ ಸಂಚರಿಸಬಯಸಿದರೆ, ಇತ್ತ ತಂಬೂರಿಯ ಷಡ್ಜ ಕದಲುವುದಿಲ್ಲ.

ಸುಲಭದ ದಾರಿ ಹಿಡಿದವರು ಸಹಜವಾಗಿಯೇ ಮೋಹನ, ಹಂಸಧ್ವನಿಗಳತ್ತ ಹೊರಳುತ್ತಾರೆ. ಸಹಾನ, ಬೇಗಡೆಗಳು ಹೊರಗುಳಿಯುತ್ತವೆ. ನನ್ನ ಆತಂಕವಿರುವುದು ಇಲ್ಲಿ: ಬೆರಕೆಗೆ ಒಗ್ಗುವ ರಾಗಗಳೇ ಹೊಸ ಕೇಳುಗರ ಪಾಲಿಗೆ ಇಡೀ ಕರ್ನಾಟಕ ಸಂಗೀತವಾಗಿಬಿಟ್ಟರೆ?

ಹಾಗೆಂದು ಪ್ರಯೋಗಗಳನ್ನೇ ಅಲ್ಲಗಳೆಯಲಾಗದು. 1985ರಲ್ಲಿ ಜುಬಿನ್ ಮೆಹ್ತಾ ನಿರ್ದೇಶನದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನೊಂದಿಗೆ ಎಲ್. ಸುಬ್ರಮಣ್ಯಂ ತಮ್ಮದೇ ರಚನೆಯನ್ನು ನುಡಿಸಿದರು. ಎರಡೂ ಪದ್ಧತಿಗಳ ಪರಿಚಯವಿದ್ದವರ ಯತ್ನವದು.

ಮೈಸೂರಿನ ಜಯಚಾಮರಾಜ ಒಡೆಯರ್ ಇನ್ನೊಂದು ಮಾದರಿ. ಪಿಯಾನೊ ಅಭ್ಯಾಸ ಮಾಡಿದ್ದ ಅವರು ರಷ್ಯದ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಅವರ ಪೋಷಣೆಯಿಂದ. ಅದೇ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ ರಚಿಸಿದ 94 ಕೃತಿಗಳು ಅಪ್ಪಟ ಕರ್ನಾಟಕ ಶೈಲಿಯವು. ಎರಡನ್ನೂ ಪ್ರೀತಿಸಿದವರು ಎರಡನ್ನೂ ಬೆರೆಸಲೇಬೇಕೆಂಬ ನಿಯಮವೇನಿಲ್ಲ.

ಬೆರೆಸುವುದಾದರೆ ಎರಡನ್ನೂ ಬಲ್ಲ ರಚನಕಾರರು ಬೇಕು, ಅಭ್ಯಾಸಕ್ಕೆ ಸಾಕಷ್ಟು ಕಾಲಾವಕಾಶ ಬೇಕು. ಪ್ರಾಯೋಜಕರು ಒಂದು ಸಂಜೆಯ ಚಪ್ಪಾಳೆಗಿಂತ ಈ ಪೂರ್ವತಯಾರಿಗೆ ಹಣ ತೆಗೆದಿಡಲಿ. ಅದು ಸಾಧ್ಯವಾಗದಿದ್ದಲ್ಲಿ ಎರಡು ಸಂಗೀತಗಳನ್ನೂ ಅಕ್ಕಪಕ್ಕದಲ್ಲಿ, ಅವುಗಳ ಪೂರ್ಣ ಘನತೆಯೊಂದಿಗೆ ಕೇಳುವುದೇ ಲೇಸು.