ಳ: ಪದದ ಮೊದಲಿಗೆ ಬಾರದ ಅಕ್ಷರ

ಒಮ್ಮೆ ಕೃಷಿ ಕಾರ್ಯಕ್ರಮವೊಂದರ ಧ್ವನಿಮುದ್ರಣ ನಡೆದಿತ್ತು. ಓದುವ ಯುವಕ ಸ್ಪಷ್ಟವಾದ ದನಿಯಲ್ಲಿ ‘ಈ ಸಲ ಈರುಳ್ಳಿ ಬೆಲೆ ಕಡಿಮೆಯಾಗಿದೆ’ ಎಂದು ಓದಿದ. ಬರಹದಲ್ಲಿದ್ದದ್ದು ‘ಬೆಳೆ’. ಬೆಳೆ ಕಡಿಮೆಯಾದರೆ ಸಾಮಾನ್ಯವಾಗಿ ಬೆಲೆ ಏರುತ್ತದೆ. ಅಂದರೆ ರೈತನಿಗೆ ತಲುಪಬೇಕಾದ ಸುದ್ದಿ ತಲೆಕೆಳಗಾಗಿತ್ತು. ಸಂಕಲನದ ಹೊತ್ತಿಗೆ ತಪ್ಪು ಕಣ್ಣಿಗೆ, ಅಲ್ಲ, ಕಿವಿಗೆ ಬಿತ್ತು, ಮತ್ತೆ ಓದಿಸಿದೆವು. ಮೊದಲ ಸಲ ಗಮನಿಸದಿದ್ದುದು ನನ್ನದೇ ತಪ್ಪು. ಅಂದಿನಿಂದ ‘ಳ’ಕಾರ ಬಂದಲ್ಲೆಲ್ಲ ಕಿವಿ ನಿಮಿರುತ್ತದೆ.

ಈಗ ಒಂದು ಪ್ರಯೋಗ ಮಾಡಿ. ಇದಕ್ಕೆ ಪ್ರಯೋಗಾಲಯ ಬೇಡ, ಬಾಯಿ ಸಾಕು. ‘ಲ’ ಎನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ತಾಕುತ್ತದೆ. ಈಗ ‘ಳ’ ಎನ್ನಿ. ತುದಿ ಹಿಂದಕ್ಕೆ ಬಾಗಿ ಅಂಗುಳವನ್ನು ಮುಟ್ಟುತ್ತದೆ. ಎರಡರಲ್ಲಿಯೂ ನಡುದಾರಿ ಮುಚ್ಚಿ, ಗಾಳಿ ನಾಲಿಗೆಯ ಪಕ್ಕಗಳಿಂದ ಹೊರಬೀಳುತ್ತದೆ. ವ್ಯತ್ಯಾಸವಿರುವುದು ನಾಲಿಗೆ ತಾಕುವ ಜಾಗದಲ್ಲಿ, ಅದೂ ಕೆಲವೇ ಮಿಲಿಮೀಟರುಗಳಷ್ಟು. ದೂರದರ್ಶನದ ಕ್ಯಾಮೆರಾ ಬಾಯೊಳಗೆ ಇಣುಕಲಾರದಾದ್ದರಿಂದ ಇದನ್ನು ಪರದೆಯ ಮೇಲೆ ತೋರಿಸುವುದು ಕಷ್ಟ; ನೀವೇ ಮಾಡಿ ನೋಡುವುದು ಮೇಲು.

ಆ ಕೆಲವು ಮಿಲಿಮೀಟರುಗಳು ಮಾಡುವ ಕೆಲಸ ಮಾತ್ರ ದೊಡ್ಡದು. ಹುಲಿ ಹುಳಿಯಾಗುತ್ತದೆ, ಹಾಲು ಹಾಳಾಗುತ್ತದೆ, ನಾಲೆ ನಾಳೆಯಾಗುತ್ತದೆ, ಹಲ್ಲಿ ಹಳ್ಳಿಯಾಗುತ್ತದೆ. ಖಾನಾಪುರ ತಾಲ್ಲೂಕಿನ ಪಶ್ಚಿಮಕ್ಕೆ, ಮಲಪ್ರಭಾ ಹುಟ್ಟುವ ಕಣಕುಂಬಿಯ ಕಡೆಗೆ ಹೋದವರಿಗೆ ಮಲೆಯೂ ಗೊತ್ತು, ಮಳೆಯೂ ಗೊತ್ತು. ಅಲ್ಲಿ ಎರಡೂ ಧಾರಾಳ. ‘ಅವಳು’ ಎನ್ನುವ ಸರ್ವನಾಮವೂ ಬಹುವಚನದ ‘ಗಳು’ ಪ್ರತ್ಯಯವೂ ಈ ಅಕ್ಷರವನ್ನು ನಂಬಿಕೊಂಡಿವೆ. ಬೆಳಗಾವಿಯವರು ಬಾಯಿ ತುಂಬ ‘ಭಾಳ ಚಲೋ’ ಎನ್ನುವಾಗ ಒಂದೇ ಉಸಿರಿನಲ್ಲಿ ಳ, ಲ ಎರಡನ್ನೂ ದಾಟುತ್ತಾರೆ. ಇಷ್ಟೆಲ್ಲ ಇದ್ದರೂ ಕನ್ನಡದ ಪದ ಯಾವುದೂ ‘ಳ’ದಿಂದ ಆರಂಭವಾಗುವುದಿಲ್ಲ. ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ ಕಟ್ಟಕಡೆಗೆ ಕುಳಿತಿರುವ ಇದು ಪದದಲ್ಲಿಯೂ ನಡುವೆಯೋ ಕೊನೆಗೋ ಬರುತ್ತದೆ.

ಬೆಳಗಾವಿಯ ಹೆಸರಿನಲ್ಲಿಯೂ ಅದು ನಡುವೆಯೇ ಇದೆ. ರಟ್ಟರ ಕಾಲದ ಶಾಸನಗಳಲ್ಲಿ ಈ ಊರು ವೇಣುಗ್ರಾಮ. ವೇಣು ಎಂದರೆ ಬಿದಿರು. ಇಂಗ್ಲಿಷರ ಬರವಣಿಗೆಯಲ್ಲಿ ಇದು ‘ಬೆಲ್ಗಾಂ’ ಆಯಿತು, ಏಕೆಂದರೆ ರೋಮನ್ ಲಿಪಿಯಲ್ಲಿ ಲಕಾರಕ್ಕೆ ಇರುವುದು ಒಂದೇ ಅಕ್ಷರ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ‘ಬೆಳಗಾವಿ’ ಎಂದೇ ಬರೆಯುವ ಆದೇಶ ಜಾರಿಗೆ ಬಂತಾದರೂ, ಆ ಲಿಪಿಯಲ್ಲಿ ಓದುವ ಹೊರಗಿನವರು ಇಂದಿಗೂ ‘ಬೆಲಗಾವಿ’ ಎನ್ನುತ್ತಾರೆ. ಹಿಂದಿಯ ಸಾಮಾನ್ಯ ವರ್ಣಮಾಲೆಯಲ್ಲಿಯೂ ‘ಳ’ ಇಲ್ಲ. ಅಲ್ಲಿ ‘ಬೇಲಗಾಮ್’ ಎಂದು ಬರೆದಾಗ ಒಂದು ತಮಾಷೆ ನಡೆಯುತ್ತದೆ: ‘ಬೇ-ಲಗಾಮ್’ ಎಂದರೆ ಲಗಾಮಿಲ್ಲದ್ದು! ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಊರೂ ಹೀಗೆಯೇ ಹಲವರ ಬಾಯಲ್ಲಿ ‘ಸಂಗೊಲ್ಲಿ’ಯಾಗುತ್ತದೆ.

ಆದರೆ ಮರಾಠಿಯಲ್ಲಿ ‘ಳ’ ಉಂಟು. ಊರಿನ ಹೆಸರಿನ ಬಗ್ಗೆ ಕನ್ನಡಿಗರಿಗೂ ಮರಾಠಿ ಮಾತನಾಡುವವರಿಗೂ ಎಷ್ಟೇ ವಾದವಿರಲಿ, ಬೆಳಗಾವಿ ಮತ್ತು ಬೇಳಗಾವ್ ಎರಡರಲ್ಲೂ ಈ ಅಕ್ಷರ ಮಾತ್ರ ಅಲುಗಿಲ್ಲ. ಮರಾಠಿಯಲ್ಲಿ ‘ಕಾಲ’ ಎಂದರೆ ನಿನ್ನೆ, ‘ಕಾಳ’ ಎಂದರೆ ಸಮಯ. ‘ಮೂಲ’ ಎಂದರೆ ಮಗು, ‘ಮೂಳ’ ಎಂದರೆ ಬೇರು. ಕನ್ನಡದ ವಿದ್ಯಾರ್ಥಿ ಇಲ್ಲಿ ಎಡವುವುದು ಸಹಜ. 1916ರಲ್ಲಿ ಬೆಳಗಾವಿಯಲ್ಲಿ ತಮ್ಮ ಹೋಂ ರೂಲ್ ಲೀಗನ್ನು ಸ್ಥಾಪಿಸಿದ ನಾಯಕರ ಹೆಸರು ಮರಾಠಿಯಲ್ಲಿ ಬಾಳ ಗಂಗಾಧರ ಟಿಳಕ. ಕನ್ನಡ ಪುಸ್ತಕಗಳಲ್ಲಿ ಅವರು ಬಾಲಗಂಗಾಧರ ತಿಲಕರು. ಎರಡು ಳಕಾರಗಳೂ ಲಕಾರಗಳಾದವು. ಆದರೆ ನಗರದ ಬಡಾವಣೆ ಮಾತ್ರ ಟಿಳಕವಾಡಿಯಾಗಿಯೇ ಉಳಿದಿದೆ.

ಸಂಸ್ಕೃತದ ಕಥೆ ಬೇರೆ. ಋಗ್ವೇದದ ಮೊದಲ ಮಂತ್ರದ ಎರಡನೆಯ ಪದದಲ್ಲಿಯೇ ‘ಳ’ ಇದೆ. ಮುಂದಿನ ಕಾವ್ಯಗಳ ಸಂಸ್ಕೃತ ಅದನ್ನು ಕೈಬಿಟ್ಟಿತು. ಕನ್ನಡ ಮಾತ್ರ ಸಂಸ್ಕೃತದಿಂದ ತಂದ ಪದಗಳಲ್ಲಿಯೂ ಅದನ್ನು ಕೂಡಿಸಿತು. ಜಲ ಜಳವಾಯಿತು, ಕಮಲ ಕಮಳವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥದ್ದನ್ನು ಕ್ಷಳ ಎಂದೂ, ಕನ್ನಡದ ಸ್ವಂತ ಳಕಾರವನ್ನು ಕುಳ ಎಂದೂ ಕರೆದ. ಮೂರನೆಯದು ರಳ, ಅಂದರೆ ‘ೞ’. ಆತನ ಕಾಲಕ್ಕಾಗಲೇ ಜನರ ಬಾಯಲ್ಲಿ ರಳ ಸವೆದು ಬಹುಮಟ್ಟಿಗೆ ‘ಳ’ದೊಳಗೆ ಸೇರಿಹೋಗಿತ್ತು. ನಾವು ಇಂದು ಬರೆಯುವ ಮಳೆ, ಕೋಳಿ, ಹುಳು ಇವೆಲ್ಲ ಹಿಂದೆ ರಳವಿದ್ದ ಪದಗಳು. ತಮಿಳರೂ ಮಲಯಾಳಿಗಳೂ ಆ ಧ್ವನಿಯನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಅಕ್ಷರ ಹೋದ ಮೇಲೆ ಬದುಕೂ ಕತ್ತಿಯೂ ಒಂದೇ ರೂಪಕ್ಕೆ ಬಂದವು. ಕೊನೆಗೆ ಕತ್ತಿಯ ಅರ್ಥ ಆಡುಮಾತಿನಿಂದಲೇ ಮರೆಯಾಯಿತು.

ಗಣಕಯಂತ್ರಗಳಿಗಾಗಿ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯುನಿಕೋಡ್ ಪಟ್ಟಿಯಲ್ಲಿ ಈ ರಳಕ್ಕೂ ಸ್ಥಾನವಿದೆ. ಆದರೆ ಅಲ್ಲಿ ಅದರ ಹೆಸರು ತಪ್ಪಾಗಿ ‘ಕನ್ನಡ ಲೆಟರ್ ಎಫ್‌ಎ’ ಎಂದು ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮವಾದ್ದರಿಂದ ಹೆಸರು ಹಾಗೆಯೇ ಉಳಿದಿದೆ.

ನಮ್ಮಲ್ಲಿ ಓದಲು ಬರುವ ಹೊಸಬರಿಗೆ ನಾನು ಮೊದಲು ಕೊಡುವ ವಾಕ್ಯ ಇದು: ‘ನಾಳೆ ನಾಲೆಯಲ್ಲಿ ನೀರು ಬಂದರೆ ಬೆಳೆ ಬೆಳೆದೀತು, ಬೆಲೆ ಇಳಿದೀತು.’ ಗಟ್ಟಿಯಾಗಿ, ವೇಗವಾಗಿ, ಐದು ಸಲ ಓದಿ ನೋಡಿ.