ಕಡಲಾಚೆಗೆ ಹೊರಟ ಭೀಮ

ಮನೆಯ ಮಕ್ಕಳು ಉದ್ಯೋಗಾರ್ಥವಾಗಿ ಸಮುದ್ರದಾಚೆಯ ದೇಶಗಳಿಗೆ ತೆರಳುವುದು ಈಗ ನಮ್ಮ ಊರುಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವವರು ಪಾತ್ರೆ ಪಡಗಗಳನ್ನು ಬಂಧುಗಳಿಗೆ ಹಂಚಬಹುದು. ಮೇಜು ಕುರ್ಚಿಗಳನ್ನು ಮಾರಬಹುದು. ಮನೆಯನ್ನು ಬಾಡಿಗೆಗೆ ಕೊಡಬಹುದು. ಆದರೆ ಅಂಗಳದಲ್ಲಿ ಬಾಲವಾಡಿಸುತ್ತ ನಿಂತಿರುವ ನಾಯಿಯನ್ನು ಏನು ಮಾಡಬೇಕೆಂಬ ಪ್ರಶ್ನೆಯು, ಗಂಟುಮೂಟೆಗಳನ್ನೆಲ್ಲ ಕಟ್ಟಿದ ಮೇಲೆ, ಕಟ್ಟಕಡೆಯಲ್ಲಿ ಏಳುವುದು. ಆಗ ಅದಕ್ಕೆ ಸರಿಯಾದ ಉತ್ತರ ದೊರೆಯುವ ಕಾಲ ಮೀರಿರುತ್ತದೆ. ಈ ವಿಷಯದಲ್ಲಿ ನಾವು ಪಟ್ಟ ಪಾಡನ್ನೂ ಕಲಿತ ಪಾಠವನ್ನೂ ಗೃಹಸ್ಥರಾದ ವಾಚಕರ ಮುಂದಿಡುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯುತ್ತಿರುವೆವು.

ನಮ್ಮ ಮನೆಯ ನಾಯಿಯ ಹೆಸರು ಭೀಮ. ಅಲ್ಸೇಷಿಯನ್ ಜಾತಿ, ವಯಸ್ಸು ೫ ವರ್ಷ, ತೂಕ ೩೬ ಕಿಲೋ. ಮನೆಯಲ್ಲಿ ಯಾರೂ ಅವನನ್ನು ‘ಅದು’ ಎಂದು ಕರೆದವರಿಲ್ಲವಾದುದರಿಂದ ಇಲ್ಲಿಯೂ ‘ಅವನು’ ಎಂದೇ ಬರೆಯುವೆವು. ಮೊಮ್ಮಗಳಿಗೆ ಮೂರು ವರ್ಷ ತುಂಬಿದಾಗ ಮರಿಯಾಗಿ ಬಂದವನು ಅವಳ ಸಂಗಡವೇ ಬೆಳೆದನು. ಎರಡು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳಲ್ಲಿ, ನಮ್ಮ ಮಗನಿಗೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲಸ ದೊರೆತು, ಜೂನ್ ಮೊದಲ ವಾರದಲ್ಲಿ ಬಂದು ಸೇರಬೇಕೆಂದು ಕಾಗದ ಬಂದಿತು. ಅಂದಿನ ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗಳು ಕೇಳಿದ ಮೊದಲ ಮಾತು, “ತಾತ, ಭೀಮನಿಗೂ ಟಿಕೆಟ್ ತೆಗೆಸ್ತಾರಾ?” ಎಂದು. ಮಗನು “ತೆಗೆಸೋಣ” ಎಂದನು. ಹೇಳಿದಷ್ಟು ಸುಲಭವಾದ ಕೆಲಸ ಅದಲ್ಲವೆಂದು ಅವನಿಗಾಗಲಿ ನಮಗಾಗಲಿ ಆಗ ತಿಳಿದಿರಲಿಲ್ಲ.

ಆಂಗ್ಲರ ದ್ವೀಪವು ಹೊರಗಿನ ನಾಯಿಗಳ ವಿಷಯದಲ್ಲಿ ಬಹು ಕಟ್ಟುನಿಟ್ಟಾದುದು. ಅದಕ್ಕೆ ಕಾರಣವಿದೆ. ಹುಚ್ಚುನಾಯಿ ರೋಗವನ್ನು, ಎಂದರೆ ರೇಬೀಸನ್ನು, ಅವರು ೧೯೦೨ರಲ್ಲಿ ತಮ್ಮ ನಾಡಿನಿಂದ ನಿರ್ಮೂಲ ಮಾಡಿದರು. ೧೯೧೮ರಲ್ಲಿ, ಮಹಾಯುದ್ಧ ಮುಗಿಯುವ ವೇಳೆಗೆ, ಕಳ್ಳತನದಿಂದ ಒಳಗೆ ತಂದ ನಾಯಿಗಳ ಮೂಲಕ ಅದು ಮರಳಿ ಬಂದಿತು. ಮತ್ತೆ ಅದನ್ನು ಅಡಗಿಸಲು ೧೯೨೨ರವರೆಗೆ ಹೆಣಗಬೇಕಾಯಿತು. ಅನಂತರ ಬಹುಕಾಲ, ಹೊರದೇಶದಿಂದ ಬಂದ ಪ್ರತಿಯೊಂದು ನಾಯಿಯೂ ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿ ಕಳೆಯಬೇಕಾಗಿತ್ತು. ೧೯೬೯ರಲ್ಲಿ ಕ್ಯಾಂಬರ್ಲಿ ಎಂಬ ಊರಿನಲ್ಲಿ, ಈ ಆರು ತಿಂಗಳ ವಾಸವನ್ನು ಮುಗಿಸಿ ಹೊರಬಂದ ನಾಯಿಯೊಂದಕ್ಕೆ ಕೆಲವೇ ದಿನಗಳಲ್ಲಿ ರೋಗವು ಕಾಣಿಸಿಕೊಂಡಿತು. ಈ ರೋಗದ ವಿಷವು ಮೈಯಲ್ಲಿ ಎಷ್ಟು ಕಾಲ ಸದ್ದಿಲ್ಲದೆ ಅಡಗಿರಬಲ್ಲುದೆಂಬುದಕ್ಕೆ ಇದೇ ನಿದರ್ಶನ. ೨೦೦೦ದಲ್ಲಿ ಹೊಸ ಪದ್ಧತಿಯೊಂದು ಜಾರಿಗೆ ಬಂದು, ಚುಚ್ಚುಮದ್ದು, ರಕ್ತಪರೀಕ್ಷೆ, ಗುರುತುಪಟ್ಟಿಗಳು ಸರಿಯಾಗಿದ್ದಲ್ಲಿ ನಾಯಿಯು ಗೂಡಿನ ವಾಸವಿಲ್ಲದೆ ಮನೆ ಸೇರಬಹುದೆಂದಾಯಿತು.

ನಮ್ಮ ದೇಶದಲ್ಲಿ ರೇಬೀಸ್ ಇನ್ನೂ ಇರುವುದರಿಂದ, ಭಾರತದಿಂದ ಹೊರಡುವ ನಾಯಿಗೆ ವಿಧಿಸಿರುವ ಕ್ರಮವು ಹೀಗಿದೆ. ಮೊದಲು ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ಪನ್ನು ಕತ್ತಿನ ಬಳಿ ಚರ್ಮದಡಿಯಲ್ಲಿ ಸೇರಿಸಬೇಕು. ಅದರಲ್ಲಿರುವ ಸಂಖ್ಯೆಯೇ ಆ ನಾಯಿಯ ಗುರುತು. ಆಮೇಲೆ, ಅಥವಾ ಅದೇ ಹೊತ್ತಿನಲ್ಲಿ, ರೇಬೀಸ್ ಚುಚ್ಚುಮದ್ದು. ಅದಾಗಿ ೩೦ ದಿನಗಳಾದರೂ ಕಳೆದ ಮೇಲೆ ರಕ್ತವನ್ನು ತೆಗೆದು ಮಾನ್ಯತೆ ಪಡೆದ ಪ್ರಯೋಗಶಾಲೆಗೆ ಕಳುಹಿಸಬೇಕು. ಚುಚ್ಚುಮದ್ದಿನ ಬಲವು ರಕ್ತದಲ್ಲಿ ಮಿಲಿಲೀಟರಿಗೆ ೦.೫ ಅಂತರರಾಷ್ಟ್ರೀಯ ಮಾನಕ್ಕೆ ಕಡಮೆಯಿಲ್ಲದಂತೆ ಕಂಡುಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಚುಚ್ಚುಮದ್ದಿಗೆ ಮೊದಲೇ ರೋಗವು ತಗಲಿದ್ದರೆ ಈ ಅವಧಿಯಲ್ಲಿ ಹೊರಬೀಳಲಿ ಎಂಬುದೇ ಇದರ ಉದ್ದೇಶ. ಕೊನೆಗೆ, ಆ ದೇಶವನ್ನು ಸೇರುವುದಕ್ಕೆ ೨೪ ಗಂಟೆಗಳಿಗಿಂತ ಕಡಮೆಯಲ್ಲದೆ ೧೨೦ ಗಂಟೆಗಳನ್ನು ಮೀರದೆ, ಲಾಡಿಹುಳುವಿನ ಔಷಧವನ್ನು ಪಶುವೈದ್ಯರಿಂದಲೇ ಕೊಡಿಸಿ ದಾಖಲೆ ಮಾಡಿಸಬೇಕು. ಲೆಕ್ಕ ಹಾಕಿದರೆ ಎಲ್ಲವೂ ಸುಗಮವಾಗಿ ನಡೆದರೂ ನಾಲ್ಕು ತಿಂಗಳು ಆಗಿಯೇ ತೀರುವುದು.

ನಮಗೆ ಫೆಬ್ರವರಿಯಿಂದ ಜೂನಿನವರೆಗೆ ನಾಲ್ಕು ತಿಂಗಳು ಇದ್ದವು. ಆದರೂ ಎಡವಿದೆವು. ಭೀಮನಿಗೆ ವರ್ಷಕ್ಕೊಮ್ಮೆ ಹಾಕಿಸುವ ರೇಬೀಸ್ ಚುಚ್ಚುಮದ್ದು ಜನವರಿಯಲ್ಲಿಯೇ ಆಗಿತ್ತು. ಫೆಬ್ರವರಿಯಲ್ಲಿ ಚಿಪ್ ಹಾಕಿಸಲು ಹೋದಾಗ ಅಲ್ಲಿಯ ವೈದ್ಯರು, “ಚುಚ್ಚುಮದ್ದು ಹೋದ ತಿಂಗಳು ತಾನೇ ಆಗಿದೆಯಲ್ಲ, ಮತ್ತೆ ಬೇಡ” ಎಂದರು. ಮಾರ್ಚಿಯಲ್ಲಿ ರಕ್ತವು ಹೋಯಿತು, ಫಲಿತಾಂಶವೂ ಚೆನ್ನಾಗಿಯೇ ಬಂದಿತು. ಮೇ ತಿಂಗಳ ನಡುವಿನಲ್ಲಿ ಪ್ರಯಾಣದ ಕಾಗದಪತ್ರಗಳನ್ನು ಸಿದ್ಧಪಡಿಸುವವರು ದಿನಾಂಕಗಳನ್ನು ನೋಡಿ, “ಚಿಪ್ಪಿಗಿಂತ ಚುಚ್ಚುಮದ್ದು ಮೊದಲಾಗಿದೆ, ಇದು ಸಲ್ಲುವುದಿಲ್ಲ” ಎಂದುಬಿಟ್ಟರು. ಗುರುತಿಲ್ಲದ ನಾಯಿಗೆ ಹಾಕಿದ ಮದ್ದು ಯಾವ ನಾಯಿಗೆ ಹಾಕಿದ್ದೆಂದು ಹೇಗೆ ನಂಬುವುದು? ನ್ಯಾಯವಾದ ಮಾತೇ. ಆದರೆ ಮತ್ತೆ ಚುಚ್ಚುಮದ್ದು, ಮತ್ತೆ ೩೦ ದಿನ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು! ಸೆಪ್ಟೆಂಬರ್ ಕಳೆಯುವ ತನಕ ಭೀಮನು ಕದಲುವಂತಿರಲಿಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅರವತ್ತೆಂಟರ ವಯಸ್ಸಿನಲ್ಲಿ ೩೬ ಕಿಲೋ ತೂಕದ ನಾಯಿಯನ್ನು ಬೆಳಗು ಬೈಗು ಬೀದಿಯಲ್ಲಿ ಹಿಡಿದು ನಡೆಸುವುದು ನಮ್ಮಿಂದಾಗದೆಂದು ತೋರಿತು. ಕನಕಪುರದ ರಸ್ತೆಯಲ್ಲಿ ತೋಟವಿದ್ದ ಪರಿಚಿತರೊಬ್ಬರು ಕಾವಲಿಗೆ ನಾಯಿ ಬೇಕೆಂದಿದ್ದರು. ಮಗನನ್ನು ಒಪ್ಪಿಸಿದವರು ನಾವೇ. ಮೊಮ್ಮಗಳಿಗೆ “ನಾಲ್ಕು ದಿನದ ಮಟ್ಟಿಗೆ” ಎಂದು ಸುಳ್ಳು ಹೇಳಿ ಭೀಮನನ್ನು ಕಾರಿನಲ್ಲಿ ಕರೆದೊಯ್ದೆವು. ತೋಟದವರು ಒಳ್ಳೆಯವರೇ, ನೆರಳಿನಲ್ಲಿ ಜಾಗ ಮಾಡಿದ್ದರು, ಅನ್ನ ಹಾಲು ಇಟ್ಟಿದ್ದರು. ಅವರು ತೆಂಗಿನ ಮರಕ್ಕೆ ಸರಪಣಿ ಬಿಗಿಯುತ್ತಿದ್ದಾಗ ಭೀಮನು ಬೊಗಳಲಿಲ್ಲ, ಎಳೆದಾಡಲಿಲ್ಲ. ನಮ್ಮ ಕಡೆಗೆ ತಿರುಗಿ ಕುಳಿತನು. ಹೊರಗೆ ಕರೆದೊಯ್ದಾಗ ಅಂಗಡಿಯ ಮುಂದೆ ಕೂರಿಸಿದರೆ ಹೇಗೆ ಕಾಯುತ್ತಿದ್ದನೋ ಹಾಗೆ.

ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬೆಳಗಾಗುವ ಮುನ್ನ ನಮ್ಮ ಗೃಹಿಣಿಯು, “ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಕಥೆಯನ್ನು ಆ ಮಗುವಿಗೆ ಹೇಳಿದವರು ನೀವೇ ಅಲ್ಲವೆ? ಈಗ ಅವಳು ಕೇಳಿದರೆ ಏನು ಹೇಳುತ್ತೀರಿ?” ಎಂದಳು. ಉತ್ತರವಿರಲಿಲ್ಲ. ಏಳು ಗಂಟೆಗೆ ತೋಟಕ್ಕೆ ಹೋದೆವು. ಇಟ್ಟ ಅನ್ನ ಹಾಗೆಯೇ ಇದ್ದಿತು. ಕುಳಿತ ಜಾಗದಿಂದ ಭೀಮನು ಕದಲಿರಲಿಲ್ಲವೆಂದು ಆಳು ಹೇಳಿದನು. ಕ್ಷಮೆ ಕೇಳಿ ಕರೆದುಕೊಂಡು ಬಂದೆವು.

ಜೂನಿನಲ್ಲಿ ಮಗ, ಸೊಸೆ, ಮೊಮ್ಮಗಳು ಹೊರಟರು. ಭೀಮನು ಹತ್ತು ಹನ್ನೆರಡು ದಿನ ಗೇಟಿನ ಬಳಿಯೇ ಮಲಗುತ್ತಿದ್ದನು. ಶಾಲೆಯ ಬಸ್ಸು ಬರುವ ಹೊತ್ತಿಗೆ ಎದ್ದು ನಿಲ್ಲುತ್ತಿದ್ದನು. ಆಮೇಲೆ ನಮ್ಮ ಕಾಲಿನ ಬಳಿಗೆ ಬಂದನು. ನಮ್ಮಿಂದಾಗದೆಂದುಕೊಂಡಿದ್ದ ನಡಿಗೆಯು ದಿನಕ್ಕೆರಡು ಸಲ ನಡೆದೇ ನಡೆಯಿತು. ನಮ್ಮ ನಿಧಾನವನ್ನು ಅರಿತು ಅವನೇ ಹೆಜ್ಜೆಯನ್ನು ತಗ್ಗಿಸಿಕೊಂಡನು.

ಈ ನಡುವೆ ಪೆಟ್ಟಿಗೆಯ ಸಿದ್ಧತೆಯೂ ನಡೆಯಿತು. ವಿಮಾನದಲ್ಲಿ ಬ್ರಿಟನ್ನಿಗೆ ಹೋಗುವ ನಾಯಿಯು, ಅಂಗವಿಕಲರ ಸಹಾಯಕ್ಕೆಂದು ಕಲಿಸಿದ ನಾಯಿಯ ಹೊರತು, ಸರಕಿನ ವಿಭಾಗದಲ್ಲಿಯೇ ಹೋಗತಕ್ಕದ್ದು. ಸರಕೆಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಪ್ರಾಣಿಗಳನ್ನಿರಿಸುವ ಆ ಭಾಗದ ಗಾಳಿಯ ಒತ್ತಡವು ಪ್ರಯಾಣಿಕರ ಭಾಗದಂತೆಯೇ ಇದ್ದು, ಶಾಖವನ್ನೂ ಹದದಲ್ಲಿಡುವರು. ಪೆಟ್ಟಿಗೆಯ ಅಳತೆಗೆ ಐಯಾಟಾ ಎಂಬ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ನಿಯಮವಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದಗಲದ ಎರಡರಷ್ಟು ಅದರ ಅಗಲ. ನಿಂತ ನಾಯಿಯ ತಲೆ ಅಥವಾ ಕಿವಿಯ ತುದಿಯವರೆಗಿನ ಎತ್ತರಕ್ಕೆ ಹಾಸಿನ ದಪ್ಪವನ್ನು ಸೇರಿಸಿದರೆ ಅದರ ಎತ್ತರ. ಭೀಮನ ಉದ್ದ ೧೦೦ ಸೆಂಟಿಮೀಟರ್, ಮೊಣಕೈ ೩೬, ಭುಜ ೨೮, ಕಿವಿಯವರೆಗೆ ೭೮. ಹಾಸಿಗೆ ೭ ಸೆಂಟಿಮೀಟರ್ ಬಿಟ್ಟು, ಪೆಟ್ಟಿಗೆಯು ೧೧೮ ಉದ್ದ, ೫೬ ಅಗಲ, ೮೫ ಎತ್ತರವಾಯಿತು.

ದೊಡ್ಡ ನಾಯಿಯ ಒಡೆಯರು ಇಲ್ಲಿ ಒಂದು ಲೆಕ್ಕವನ್ನು ಗಮನಿಸತಕ್ಕದ್ದು. ಸಾಗಣೆಯ ದರವು ತೂಕ, ಗಾತ್ರ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಬೀಳುವುದು. ಸೆಂಟಿಮೀಟರುಗಳಲ್ಲಿ ಮೂರು ಅಳತೆಗಳನ್ನು ಗುಣಿಸಿ ೬೦೦೦ದಿಂದ ಭಾಗಿಸಿದರೆ ಗಾತ್ರದ ತೂಕವು ಬರುವುದು. ಭೀಮನ ಪೆಟ್ಟಿಗೆಗೆ ಇದು ಸುಮಾರು ೯೪ ಕಿಲೋ! ೩೬ ಕಿಲೋ ನಾಯಿಗೆ ೯೪ ಕಿಲೋವಿನ ಬಾಡಿಗೆ ತೆತ್ತೆವು. ಹಣ ಉಳಿಸಲೆಂದು ಪೆಟ್ಟಿಗೆಯನ್ನು ಕುಗ್ಗಿಸಿದರೆ ನಾಯಿಯು ನಿಲ್ಲಲಾರದು, ಹೊರಳಲಾರದು. ವಿಮಾನದವರೂ ಅದನ್ನು ಹತ್ತಿಸರು.

ಪೆಟ್ಟಿಗೆಯನ್ನು ಎರಡು ತಿಂಗಳು ಮುಂಚೆಯೇ ಹಜಾರದಲ್ಲಿಟ್ಟು, ಬಾಗಿಲು ತೆಗೆದು, ಊಟವನ್ನು ಅದರಲ್ಲಿಯೇ ಬಡಿಸತೊಡಗಿದೆವು. ಮೂರನೆಯ ವಾರದಲ್ಲಿ ಭೀಮನು ಮಧ್ಯಾಹ್ನದ ನಿದ್ದೆಗೆ ತಾನಾಗಿ ಅದರೊಳಗೆ ಹೋಗುತ್ತಿದ್ದನು. ಪ್ರಯಾಣದ ದಿನ ನಿದ್ದೆಯ ಔಷಧ ಕೊಡಬಹುದೇ ಎಂದು ಕೆಲವರು ಕೇಳುವರು, ಕೊಡಲೇಬಾರದು. ಎತ್ತರದಲ್ಲಿ ಅದು ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಕೇಡು ಮಾಡುವುದು. ಕೆಲವು ಗಂಟೆಗಳ ಮುಂಚೆ ಮಿತವಾದ ಊಟ, ಹೊರಗಿನಿಂದ ತುಂಬಬಹುದಾದ ನೀರಿನ ಬಟ್ಟಲು, ಮನೆಯ ವಾಸನೆಯುಳ್ಳ ಹಳೆಯ ಬಟ್ಟೆ, ಇಷ್ಟು ಸಾಕು.

ಒಡೆಯನ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಗಳಿಗಿಂತ ಹೆಚ್ಚಿನ ಅಂತರವಿದ್ದರೆ, ಮಾರಾಟಕ್ಕೆ ತಂದ ಪ್ರಾಣಿಗಳ ನಿಯಮವು ತಗಲುವುದು. ಆದುದರಿಂದ ಅಕ್ಟೋಬರಿನಲ್ಲಿ ಮಗನು ಒಂದು ವಾರದ ರಜೆ ಪಡೆದು ತಾನೇ ಬಂದನು. ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಅಧಿಕಾರಿಗಳು ಭೀಮನನ್ನು ಪರೀಕ್ಷಿಸಿ ಆರೋಗ್ಯಪತ್ರ ಕೊಟ್ಟರು. ಮೇ ತಿಂಗಳಲ್ಲಿ ಅವನನ್ನು ಕಳೆದುಕೊಳ್ಳಲು ಆತುರಪಟ್ಟಿದ್ದ ನಮಗೆ ಈಗ ಕಳುಹಿಸಲು ಮನಸ್ಸು ಒಪ್ಪಲಿಲ್ಲ. “ಇಲ್ಲಿಯೇ ಇರಲಿ ಬಿಡಪ್ಪ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವನು ಮೊಮ್ಮಗಳ ನಾಯಿ, ನಮ್ಮಲ್ಲಿದ್ದದ್ದು ಇಡುಗಂಟು. ಪೆಟ್ಟಿಗೆಯ ಬಾಗಿಲನ್ನು ನಾವೇ ಮುಚ್ಚಿದೆವು.

ಲಂಡನ್ನಿನ ಹೀತ್ರೂ ನಿಲ್ದಾಣದಲ್ಲಿ ಪ್ರಾಣಿಗಳಿಗೆಂದೇ ಇರುವ ಸ್ವಾಗತ ಕೇಂದ್ರದಲ್ಲಿ ಚಿಪ್ಪನ್ನೂ ಕಾಗದಗಳನ್ನೂ ನೋಡಿ ಕೆಲವು ಗಂಟೆಗಳ ಬಳಿಕ ಬಿಟ್ಟುಕೊಟ್ಟರು. ಲೀಡ್ಸಿನ ಮನೆಯ ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ಭೀಮನು ಮೊದಲು ನೀರು ಕುಡಿದನಂತೆ. ಆಮೇಲೆ ಅವಳ ಶಾಲೆಯ ಚೀಲವನ್ನು ಮೂಸಿ, ಅದರ ಮೇಲೆ ತಲೆಯಿಟ್ಟು ಮಲಗಿದನಂತೆ.

ಬೇರೆ ನಾಡುಗಳ ಕ್ರಮವು ಬೇರೆ. ಜರ್ಮನಿ ಮೊದಲಾದ ಯೂರೋಪಿನ ದೇಶಗಳಿಗೂ ಇದೇ ರಕ್ತಪರೀಕ್ಷೆ, ಇದೇ ಮೂರು ತಿಂಗಳು. ಅಮೆರಿಕವು ೨೦೨೪ರ ಆಗಸ್ಟ್ ೧ರಿಂದ ನಿಯಮಗಳನ್ನು ಬಿಗಿಮಾಡಿದೆ. ಆರು ತಿಂಗಳು ತುಂಬದ ಮರಿಯನ್ನು ಒಯ್ಯುವಂತಿಲ್ಲ, ಭಾರತದಲ್ಲಿ ಚುಚ್ಚುಮದ್ದಾದ ನಾಯಿಗೆ ರಕ್ತಪರೀಕ್ಷೆಯ ಪತ್ರವಿಲ್ಲದಿದ್ದರೆ ೨೮ ದಿನಗಳ ಕ್ವಾರಂಟೈನ್ ಇದೆ. ಆಸ್ಟ್ರೇಲಿಯಕ್ಕೆ ಇಲ್ಲಿಂದ ನೇರವಾಗಿ ಒಯ್ಯುವಂತೆಯೇ ಇಲ್ಲ. ಅವರು ಒಪ್ಪಿದ ಇನ್ನೊಂದು ದೇಶದ ಮೂಲಕ ಹೋಗಿ, ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕ್ವಾರಂಟೈನ್ ಕಳೆಯಬೇಕು. ನಾಯಿಯ ಜಾತಿಯನ್ನೂ ವಿಚಾರಿಸಬೇಕು. ಬ್ರಿಟನ್ನಿನಲ್ಲಿ ೧೯೯೧ರ ಕಾನೂನು ಪಿಟ್‌ಬುಲ್, ಜಪಾನಿನ ಟೋಸಾ ಮುಂತಾದ ನಾಲ್ಕು ಜಾತಿಗಳನ್ನು ನಿಷೇಧಿಸಿದೆ. ೨೦೨೩ರ ಕೊನೆಯಲ್ಲಿ ಎಕ್ಸ್‌ಎಲ್ ಬುಲ್ಲಿಯನ್ನೂ ಸೇರಿಸಿದರು.

ಎಲ್ಲ ನಾಯಿಗಳನ್ನೂ ಕೊಂಡೊಯ್ಯಬೇಕೆಂದು ನಾವು ಹೇಳುವುದಿಲ್ಲ. ಬಹಳ ಮುದಿಯಾದುದು, ಹೃದಯದ ರೋಗವುಳ್ಳದ್ದು, ಬಾಕ್ಸರ್ ಬುಲ್‌ಡಾಗುಗಳಂತೆ ಮೂಗು ಚಪ್ಪಟೆಯಾಗಿ ಸೆಕೆಯಲ್ಲಿ ಉಸಿರಿಗೆ ಕಷ್ಟಪಡುವುದು, ಇಂಥವನ್ನು ಅಜ್ಜ ಅಜ್ಜಿಯರ ಬಳಿಯಲ್ಲಿಯೋ ನಂಬಿಕೆಯ ಬಂಧುಗಳಲ್ಲಿಯೋ ಬಿಡುವುದೇ ದಯೆ. ಆದರೆ ಆ ತೀರ್ಮಾನವು ಕೆಲಸದ ಕಾಗದ ಬಂದ ವಾರದಲ್ಲಿಯೇ ಆಗಬೇಕು. ಕೊನೆಯ ತಿಂಗಳಿಗೆ ತಳ್ಳಿದ ಪ್ರಶ್ನೆಗೆ ಸರಪಣಿ ಅಥವಾ ಬೀದಿ ಎಂಬ ಎರಡೇ ಉತ್ತರಗಳು ಉಳಿಯುವುವು. ಮೊದಲು ಚಿಪ್, ಆಮೇಲೆ ಚುಚ್ಚುಮದ್ದು ಎಂಬುದನ್ನು ಮಾತ್ರ ಗೋಡೆಯ ಪಂಚಾಂಗದ ಮೇಲೆ ಬರೆದಿಡಿರಿ.

ಈಗ ಭಾನುವಾರಗಳಂದು ಮೊಮ್ಮಗಳು ಫೋನಿನಲ್ಲಿ ಭೀಮನನ್ನು ತೋರಿಸುವಳು. ನಮ್ಮ ಧ್ವನಿ ಕೇಳಿದೊಡನೆ ಅವನು ಕಿವಿ ನಿಮಿರಿಸಿ, ಎದ್ದು, ಫೋನಿನ ಹಿಂಬದಿಗೆ ಹೋಗಿ ನಮ್ಮನ್ನು ಹುಡುಕುವನು.