ಇಪ್ಪತ್ತು ಚಿತ್ರಕ್ಕೆ ಎಷ್ಟು ಕಾಗದ?

ಪಿಯುಸಿ ಮುಗಿಸಿ ಮೈಸೂರಿನ ಕಾವಾಕ್ಕೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಬಿವಿಎ ಓದಲು ಹೊರಟವರ ಮನೆಯಲ್ಲಿ ಮೊದಲ ದುಡ್ಡು ಹೋಗುವುದು ಬಣ್ಣದ ಪೆಟ್ಟಿಗೆಗೆ. 48 ಬಣ್ಣದ ಸೆಟ್ಟು, ಮರದ ಈಸೆಲ್, ವಿದೇಶಿ ಬ್ರಷ್ಷು. ವಸ್ತುವನ್ನು ಎದುರಿಗಿಟ್ಟು ನೋಡಿ ಬರೆಯುವ ಚಿತ್ರಗಳ ಪೋರ್ಟ್‌ಫೋಲಿಯೊಗೆ ಇವು ಯಾವುವೂ ಬೇಕಿಲ್ಲ. ಬೇಕಾದದ್ದು ಕಾಗದ, ಅದೂ ರಾಶಿಗಟ್ಟಲೆ.

ಕಡೆಗೆ ಫೋಲ್ಡರಿನಲ್ಲಿ 20 ಚಿತ್ರ ಉಳಿಯಲಿ ಎಂದಿಟ್ಟುಕೊಳ್ಳಿ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಂಥ ಹೆಸರಾಂತ ಕಾಲೇಜೂ ಕೇಳುವುದು 12ರಿಂದ 20. ನಾಲ್ಕು ಬರೆದರೆ ಒಂದು ನಿಲ್ಲುತ್ತದೆ ಎಂದು ಹಿಡಿದರೂ 80 ಬರೆಯಬೇಕು: 60 ಪೆನ್ಸಿಲ್ ಮತ್ತು ಇದ್ದಿಲಿನವು, 20 ಜಲವರ್ಣ. ದರ ಅಂಗಡಿಯಿಂದ ಅಂಗಡಿಗೆ ಬೇರೆ, ಹಾಗಾಗಿ ದುಂಡು ಅಂಕಿಯನ್ನೇ ಕೊಡುತ್ತೇನೆ. 22×30 ಇಂಚಿನ ಕಾರ್ಟ್ರಿಜ್ ಶೀಟು ಸುಮಾರು 20 ರೂಪಾಯಿ. 30 ತಂದು ಎರಡಾಗಿ ಕತ್ತರಿಸಿದರೆ 600 ರೂಪಾಯಿಗೆ 60 ಹಾಳೆ. 300 ಜಿಎಸ್‌ಎಂನ ದೇಶಿ ಜಲವರ್ಣ ಕಾಗದ ಶೀಟಿಗೆ 100ರಂತೆ 10 ತಂದರೆ 1,000. ಪೆನ್ಸಿಲ್, ಇದ್ದಿಲು, ರಬ್ಬರಿಗೆ 250. ಎರಡೆರಡು ಹಳದಿ, ಕೆಂಪು, ನೀಲಿ, ಜೊತೆಗೊಂದು ಬರ್ನ್ಟ್ ಸಿಯೆನ್ನಾ, ಒಟ್ಟು ಏಳು ಟ್ಯೂಬಿಗೆ 450. ಮೂರು ದುಂಡು ಬ್ರಷ್ಷಿಗೆ 400, ಬೋರ್ಡು ಕ್ಲಿಪ್ಪಿಗೆ 300. ಬಸ್ ನಿಲ್ದಾಣದಲ್ಲೋ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲೋ ನಿಂತು ಗೀಚಲು 500 ಹಾಳೆಯ ಎ4 ಬಂಡಲ್ ಒಂದು, 300. ಅಲ್ಲಿಗೆ 3,300, ಉಳಿದ ಚಿತ್ರವೊಂದಕ್ಕೆ 165 ರೂಪಾಯಿ ಬಿತ್ತು.

ಶೀಟಿಗೆ 800ರ ಆಸುಪಾಸಿನ ವಿದೇಶಿ ಹತ್ತಿ ಕಾಗದವನ್ನೇ ತಂದರೆ ಜಲವರ್ಣದ ಸಾವಿರ ಎಂಟು ಸಾವಿರವಾಗುತ್ತದೆ. ಕಾಗದ ಚೆನ್ನಾಗಿಯೇ ಇದೆ, ಅನುಮಾನವಿಲ್ಲ. ಆದರೆ ಅರ್ಧ ಶೀಟಿಗೆ 400 ಕೊಟ್ಟವನ ಕೈ ಬಿಗಿಯುತ್ತದೆ. ಕೆಟ್ಟರೆ ಹರಿದು ಹಾಕುವ ಧೈರ್ಯ ಬರುವುದಿಲ್ಲ.

ಇನ್ನು ಹೊತ್ತಿನ ಬಾಬ್ತು. ಪೆನ್ಸಿಲ್ ಚಿತ್ರಕ್ಕೆ 3 ಗಂಟೆಯಂತೆ 180, ಜಲವರ್ಣಕ್ಕೆ 4ರಂತೆ 80, ಐನೂರು ಗೀಚುಚಿತ್ರಕ್ಕೆ ಎರಡೆರಡು ನಿಮಿಷದಂತೆ ಸುಮಾರು 17: ಒಟ್ಟು 277 ಗಂಟೆ. ದಿನಕ್ಕೆ ಎರಡು ಗಂಟೆ ಕೂತರೂ ನಾಲ್ಕೂವರೆ ತಿಂಗಳು ಬೇಕು. ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿ ಜೂನ್ ಹೊತ್ತಿಗೆ ಫೋಲ್ಡರ್ ಸಿದ್ಧವಾಗಲಿ ಎಂದರೆ ಆಗುವ ಮಾತಲ್ಲ. ಮೊದಲ ಪಿಯುಸಿ ರಜೆಯಲ್ಲೇ ಕೈ ಹಚ್ಚಬೇಕು. ಎರಡು ಗಂಟೆಯನ್ನೂ ದಿನಾ ಒಂದೇ ವೇಳೆಗೆ ಇಟ್ಟುಕೊಳ್ಳುವುದು ಲೇಸು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ; ಹತ್ತಕ್ಕೆ ಕಿಟಕಿ ಪಕ್ಕ ಜೋಡಿಸಿದ ಸ್ಟಿಲ್ ಲೈಫ್‌ನ ನೆರಳು ಹನ್ನೆರಡಕ್ಕೆ ಬೇರೆಯದೇ ನೆರಳು.

ಫೋಟೊ ನೋಡಿ ಬರೆದರೆ ಈ ರಗಳೆ ಇಲ್ಲ ನಿಜ. ಆದರೆ ಹಿತ್ತಾಳೆ ಚೊಂಬೊಂದನ್ನು ಕಣ್ಣಿನ ಮಟ್ಟಕ್ಕಿಂತ ಗೇಣು ಕೆಳಗಿಟ್ಟು ನೋಡಿ. ಬಾಯಿಯ ವೃತ್ತ ಚಪ್ಪಟೆ ಅಂಡಾಕಾರವಾಗಿ ಕಾಣುತ್ತದೆ. ತಳದ ವೃತ್ತ ಕಣ್ಣಿಗಿಂತ ಇನ್ನೂ ಕೆಳಗಿರುವುದರಿಂದ ಅದರ ಕಮಾನು ಹೆಚ್ಚು ದುಂಡಗಿರುತ್ತದೆ. ಹೊಸಬರು ಬಾಯಿಯನ್ನು ದುಂಡಗೆ ಬರೆದು ತಳಕ್ಕೆ ನೇರ ಗೆರೆ ಎಳೆಯುತ್ತಾರೆ, ಚೊಂಬು ಮೇಜಿನ ಮೇಲೆ ಸಮನಾಗಿ ಕೂತಿದೆ ಎಂಬುದು ಅವರಿಗೆ ಗೊತ್ತಲ್ಲ! ಕಣ್ಣು ಕಂಡದ್ದನ್ನು ಬರೆದಿದ್ದಾರೋ ತಲೆಗೆ ಗೊತ್ತಿದ್ದದ್ದನ್ನೋ ಎಂಬುದನ್ನು ನುರಿತ ಮೇಷ್ಟರು ಆ ತಳ ನೋಡಿಯೇ ಹೇಳಿಬಿಡುತ್ತಾರೆ. ಅಂಥ ಹತ್ತು ಚೊಂಬಿನ ಖರ್ಚು, ಅರ್ಧ ಶೀಟಿನ ಲೆಕ್ಕದಲ್ಲಿ, ನೂರು ರೂಪಾಯಿ.

ಮೌಂಟಿಂಗ್ ಅನ್ನು ಮೇಲಿನ ಪಟ್ಟಿಗೆ ಸೇರಿಸಿಲ್ಲ. ಚಿತ್ರಕ್ಕೆ 150ರಂತೆ ಕಟ್ಟಿಸಿದರೂ 3,000, ಅಂದರೆ ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಲ್ಯಾಮಿನೇಷನ್ನಂತೂ ಬೇಡವೇ ಬೇಡ, ಹೊಳಪಿನಡಿ ಗೆರೆಯೇ ಕಾಣುವುದಿಲ್ಲ. ಇದ್ದಿಲಿನ ಚಿತ್ರ ಒರಸಿಹೋಗದಂತೆ ನಡುನಡುವೆ ಬಟರ್ ಪೇಪರ್ ಇಟ್ಟು, ರಟ್ಟಿನ ಫೋಲ್ಡರಿಗೆ ದಾರ ಕಟ್ಟಿದರೆ ಸಾಕು.